ಸಾಂಬ್ರಾಣಿ ಹೊಗೆಯಲ್ಲ ಎಂದು ನಾನು ಸಾಧಿಸಿದ ಕಥೆ

ಮಂಡಿ ಮೊಹಲ್ಲಾದ ನಮ್ಮ ಗಲ್ಲಿಯಲ್ಲಿ ಇಪ್ಪತ್ತೆರಡು ಮನೆಗಳಿವೆ. ಅವುಗಳಲ್ಲಿ ಚೊಕ್ಕಟವಾದ ಮನೆ ಒಂದೇ. ಅದು ನಮ್ಮದು. ಇದನ್ನು ನಾನು ಜಂಬಕ್ಕೆ ಹೇಳುತ್ತಿಲ್ಲ. ಉಳಿದ ಇಪ್ಪತ್ತೊಂದು ಮನೆಯವರಿಗೂ ಆಗಾಗ ಹೇಳಿದ್ದೇನೆ, ಅವರಿಗೆ ಗೊತ್ತಿದೆ. ದಿನಕ್ಕೆ ಎರಡು ಸಲ ಗುಡಿಸುತ್ತೇನೆ. ಪಾತ್ರೆಯಲ್ಲಿ ಮುಖ ಕಾಣಬೇಕು, ಇಲ್ಲದಿದ್ದರೆ ಮತ್ತೆ ತಿಕ್ಕುತ್ತೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಆದರೆ ಪೊರಕೆ ಹಿಡಿಯುವುದಕ್ಕೆ ನಾಲ್ಕನೇ ಕ್ಲಾಸೇ ಹೆಚ್ಚು.

ಇಂಥ ಮನೆಗೆ ಬಂದ ಮೊಮ್ಮಗಳಿಗೆ ಉಬ್ಬಸ ಬರುತ್ತದೆ ಎಂದರೆ ಯಾರು ನಂಬುತ್ತಾರೆ? ನಾನಂತೂ ನಂಬಲಿಲ್ಲ.

ನನ್ನ ಮಗಳು ಸುಮಾ ಬನ್ನಿಮಂಟಪದಲ್ಲಿದ್ದಾಳೆ. ಅವಳಿಗೊಬ್ಬಳೇ ಮಗಳು, ನಿಧಿ, ಏಳು ವರ್ಷ. ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ನಿಧಿ ನಮ್ಮ ಮನೆಗೆ ಬಂದರೆ, ಭಾನುವಾರ ಸಂಜೆಯವರೆಗೆ ಅವಳು ನನ್ನ ಸ್ವತ್ತು. ಬಂದ ಕೂಡಲೇ ತಲೆಗೆ ಹರಳೆಣ್ಣೆ, ಮೈಗೆ ಕೊಬ್ಬರಿ ಎಣ್ಣೆ, ಸುಡುಸುಡು ನೀರು, ಸೀಗೆಪುಡಿ. ಆಮೇಲೆ ತೆಂಗಿನ ಚಿಪ್ಪಿನ ಕೆಂಡ ಮಾಡಿ, ಮೇಲೆ ಸಾಂಬ್ರಾಣಿ ಹಾಕಿ, ಬಿದಿರು ಬುಟ್ಟಿ ಬೋರಲು ಇಟ್ಟು, ಅದರ ಮೇಲೆ ಅವಳ ಕೂದಲನ್ನು ಹರಡಿ ಒಣಗಿಸುತ್ತಿದ್ದೆ. ನನ್ನ ಅಜ್ಜಿ ನನಗೆ ಮಾಡಿದ್ದು, ನಾನು ಸುಮಾಗೆ ಮಾಡಿದ್ದು. ತಲೆಯಲ್ಲಿ ನೀರು ನಿಂತರೆ ಶೀತ ಆಗುತ್ತದೆ, ಸಾಂಬ್ರಾಣಿ ಅದನ್ನು ಎಳೆದುಬಿಡುತ್ತದೆ.

ಆದರೂ ಭಾನುವಾರ ಬೆಳಿಗ್ಗೆ ಏಳುತ್ತಲೇ ನಿಧಿಗೆ ಕೆಮ್ಮು ಶುರು. ಎದೆಯೊಳಗೆ ಸುಯ್ ಸುಯ್ ಎಂದು ಶಿಳ್ಳೆ. ನಮ್ಮ ಯಜಮಾನರು ಒಂದು ಸಲ ಅದನ್ನು ಕುಕ್ಕರ್ ಎಂದುಕೊಂಡು ಎದ್ದುಹೋಗಿ ಒಲೆ ಆರಿಸಿ ಬಂದಿದ್ದರು.

ನಾನು ತನಿಖೆ ನಡೆಸಿದೆ. ಮೊದಲು ಬಾಳೆಹಣ್ಣನ್ನು ಹಿಡಿದೆ. ಬಾಳೆಹಣ್ಣು ನಿಲ್ಲಿಸಿದರೂ ಶಿಳ್ಳೆ ನಿಲ್ಲಲಿಲ್ಲ. ಆಮೇಲೆ ಮೊಸರು, ಸೀಬೆಹಣ್ಣು, ಫ್ಯಾನು. ಕೊನೆಗೆ ಅಪರಾಧ ಅಳಿಯನ ಕಡೆಯದು ಎಂದು ತೀರ್ಮಾನಿಸಿದೆ, ಏಕೆಂದರೆ ಅವರ ಸೋದರತ್ತೆಗೆ ದಮ್ಮು ಇತ್ತಂತೆ. ಅಳಿಯ ಒಳ್ಳೆಯವನು, ಏನೂ ಹೇಳಲಿಲ್ಲ. ಇಷ್ಟರ ನಡುವೆ ನನ್ನ ಕರ್ತವ್ಯದಲ್ಲಿ ನಾನು ಕೊರತೆ ಮಾಡಲಿಲ್ಲ. ಶಿಳ್ಳೆ ಜೋರಾದಷ್ಟೂ ಮುಂದಿನ ಶನಿವಾರ ಕೆಂಡಕ್ಕೆ ಸಾಂಬ್ರಾಣಿ ಒಂದು ಹಿಡಿ ಜಾಸ್ತಿ ಹಾಕಿದೆ.

ಒಂದು ಶನಿವಾರ ಸುಮಾ ಒಬ್ಬಳೇ ಬಂದಳು.

"ಪಾಪು ಎಲ್ಲೇ?"

"ಮನೇಲವ್ಳೆ, ಅವರಪ್ಪನ್ ಜೊತೆ. ಅವ್ವ, ಕೋಪ ಮಾಡ್ಕೋಬೇಡ. ಡಾಕ್ಟ್ರು ಕೇಳಿದ್ರು, ಮಗುಗೆ ವಾರವೆಲ್ಲಾ ಚೆನ್ನಾಗಿದ್ದು ಭಾನ್ವಾರಾನೇ ಯಾಕೆ ಬರುತ್ತೆ, ಶನಿವಾರ ಎಲ್ಲಿರ್ತಾಳೆ ಅಂತ."

"ನೀನೇನಂದೆ?"

"ನಮ್ಮವ್ವನ ಮನೇಲಿ ಅಂದೆ. ಆ ಮನೇಲಿ ಏನೋ ಒಗ್ತಿಲ್ಲ ಮಗುಗೆ, ಏನು ಅಂತ ಗೊತ್ತಾಗೋ ತನಕ ಅಲ್ಲಿ ಮಲಗಿಸ್ಬೇಡಿ ಅಂದ್ರು."

"ನನ್ ಮನೇಲಿ? ಆ ಡಾಕ್ಟ್ರನ್ನ ಕರ್ಕೊಂಡ್ ಬಾ. ನೆಲದ್ ಮೇಲೆ ಅನ್ನ ಹಾಕ್ತೀನಿ, ಉಣ್ಣಲಿ."

"ಅವರ್ಯಾಕವ್ವ ನೆಲದ್ ಮೇಲೆ ಉಣ್ತಾರೆ?" ಎಂದು ಹೇಳಿ ಸುಮಾ ಕಾಫಿ ಕುಡಿದು ಹೊರಟುಹೋದಳು.

ಮೂರು ಶನಿವಾರ ಹಾಗೇ ಕಳೆದವು. ಯಜಮಾನರು ಅಭ್ಯಾಸಬಲದಿಂದ ಮೊಮ್ಮಗಳಿಗೆಂದು ಕಡಲೆಪುರಿ ತಂದು, ತಾವೇ ತಿಂದರು. ನಾನು ಅಳಲಿಲ್ಲ. ಅಳುವುದು ನನಗೆ ಬರುವುದಿಲ್ಲ. ಪಾತ್ರೆಗಳನ್ನು ಮಾತ್ರ ಸ್ವಲ್ಪ ಜೋರಾಗಿ ಇಟ್ಟೆ. ಎರಡು ಲೋಟ ಚಪ್ಪಟೆಯಾದವು.

ಆ ವಾರದಲ್ಲೇ ನಮ್ಮ ಬೀದಿಯ ಆಶಾ ಕಾರ್ಯಕರ್ತೆ ನಾಗರತ್ನ ಮನೆಮನೆಗೆ ಬಂದು, ಮಕ್ಕಳ ಉಬ್ಬಸದ ಬಗ್ಗೆ ಅಂಗನವಾಡಿಯಲ್ಲಿ ತಿಳಿವಳಿಕೆ ಸಭೆ ಇದೆ, ಬನ್ನಿ ಎಂದಳು. ನಾನು ಎಲ್ಲರಿಗಿಂತ ಮುಂಚೆ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ತಿಳಿದುಕೊಳ್ಳುವುದಕ್ಕಲ್ಲ, ನನ್ನ ಮನೆಯಲ್ಲಿ ಏನೂ ತಪ್ಪಿಲ್ಲ ಎಂದು ಅವಳ ಬಾಯಲ್ಲೇ ಹೇಳಿಸುವುದಕ್ಕೆ.

ನಾಗರತ್ನ ಚಿತ್ರಗಳ ಪಟ ತೂಗುಹಾಕಿ ಒಂದೊಂದಾಗಿ ತೋರಿಸಿದಳು. ಹಾಸಿಗೆ, ದಿಂಬಿನ ದೂಳಿನಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತವೆ. ಒಣ ಪೊರಕೆಯಲ್ಲಿ ಗುಡಿಸಿದರೆ ದೂಳು ಏಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಗೋಡೆಯಲ್ಲಿ ತೇವ ಇದ್ದರೆ ಬೂಷ್ಟು ಹಿಡಿಯುತ್ತದೆ. ಜಿರಲೆ ಇರಬಾರದು. ಬೀಡಿ, ಸೊಳ್ಳೆಬತ್ತಿ, ಊದುಬತ್ತಿ, ಯಾವ ಹೊಗೆಯೂ ಮನೆಯೊಳಗೆ ಬೇಡ. ಘಾಟು ವಾಸನೆ ಬೇಡ. ಡಾಕ್ಟರು ಕೊಟ್ಟ ಔಷಧಿಯನ್ನು ನಾವಾಗಿ ನಿಲ್ಲಿಸಬಾರದು.

ನಾನು ತಲೆಯಲ್ಲೇ ಲೆಕ್ಕ ಹಾಕಿದೆ. ಬೀಡಿ: ಯಜಮಾನರದು, ನನ್ನದಲ್ಲ. ಗೋಡೆ: ಬೀರು ಹಿಂದೆ ಒಂದು ಕಪ್ಪು ಮಚ್ಚೆ ಇದೆ, ಬೀರು ಸರಿಸದಿದ್ದರೆ ಅದು ಇಲ್ಲ. ಜಿರಲೆ: ನಾಲ್ಕೈದು, ಎಲ್ಲಾ ಪಕ್ಕದ ಮನೆಯವು.

"ಮುಂದಿನ ಸಭೆ ಯಾರಾದ್ರೂ ಮನೇಲಿ ಮಾಡೋಣ," ಎಂದಳು ನಾಗರತ್ನ. "ಒಂದು ಮನೇನ ನೋಡ್ತಾ ನೋಡ್ತಾ ಹೇಳಿದ್ರೆ ಎಲ್ಲರ್ಗೂ ಚೆನ್ನಾಗ್ ಅರ್ಥ ಆಗುತ್ತೆ. ಯಾರ ಮನೇಲಿ?"

ಅವಳು ಮಾತು ಮುಗಿಸುವ ಮೊದಲೇ ನನ್ನ ಕೈ ಮೇಲಿತ್ತು.

"ಜಯಮ್ಮನೋರೇ, ಶನಿವಾರ ನಾಲ್ಕು ಗಂಟೆಗೆ ಆಗುತ್ತಾ?"

"ಆಗುತ್ತೆ. ನನ್ ಮಗಳೂ ಮೊಮ್ಮಗಳೂ ಬತ್ತಾರೆ. ಅವರ್ ಮುಂದೆಯೇ ಹೇಳ್ಬುಡವ್ವ."

ಇಡೀ ಗಲ್ಲಿಯ ಎದುರು ಸರ್ಕಾರದ ಕಡೆಯವಳೇ "ಈ ಮನೆ ಸರಿಯಾಗಿದೆ" ಎಂದುಬಿಟ್ಟರೆ ಸುಮಾ ಏನು ಮಾತಾಡುತ್ತಾಳೆ? ಅಂದೇ ನಿಧಿ ನಮ್ಮ ಮನೆಯಲ್ಲಿ ಮಲಗುತ್ತಾಳೆ. ಅವಳ ದಿಂಬಿನ ಚೀಲ ಒಗೆದು ಇಟ್ಟೆ.

ತಯಾರಿ ಬುಧವಾರ ಆರಂಭವಾಯಿತು. ಮೊದಲನೆಯ ಆಜ್ಞೆ ಯಜಮಾನರ ಮೇಲೆ ಜಾರಿಯಾಯಿತು. "ಬೀಡಿ ಇನ್ ಮೇಲೆ ಜಗಲೀಲಲ್ಲ, ಗಲ್ಲಿ ಕೊನೇಲಿ."

"ಮಳೆ ಬಂದ್ರೆ?"

"ಬೀಡಿ ಆರೋಗುತ್ತೆ. ಒಳ್ಳೇದೇ ಆಯ್ತು."

ನಲವತ್ತು ವರ್ಷ ಕೊಬ್ಬರಿ ಮಂಡಿಯಲ್ಲಿ ತೂಕ ಹಾಕಿದವರು ಅವರು, ಮಾತನ್ನೂ ತೂಕ ಹಾಕಿಯೇ ಆಡುತ್ತಾರೆ. ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡು ಹೋದರು.

ಅನಂತರ ನನ್ನ ಮದುವೆ ಕಾಲದ ಬೂರುಗದ ಹತ್ತಿಯ ಹಾಸಿಗೆಯನ್ನು ಹೊರಗೆಳೆದೆ. ಗಲ್ಲಿಯಲ್ಲಿ ಶಮೀಮಕ್ಕ ಮೆಣಸಿನಕಾಯಿ ಒಣಹಾಕಿದ್ದಳು. ಶಮೀಮಕ್ಕ ನಮ್ಮ ಪಕ್ಕದ ಮನೆಯವಳು, ನನ್ನದೇ ವಯಸ್ಸು, ನನ್ನದೇ ಬಾಯಿ. ಅವಳ ಮೆಣಸಿನಕಾಯಿಗೆ ದೂಳು ಬೀಳಬಾರದು ಎಂಬ ಸದುದ್ದೇಶದಿಂದ ಹಾಸಿಗೆಯನ್ನು ಮತ್ತೆ ನಡುಮನೆಗೇ ಎಳೆದುಕೊಂಡು, ಬಾಗಿಲು ಹಾಕಿ, ಒನಕೆಯಲ್ಲಿ ಬಡಿದೆ. ಮೂವತ್ತೆಂಟು ವರ್ಷದ ದೂಳು ಒಂದೇ ಸಲ ಎದ್ದಿತು. ಮೂರನೇ ಏಟಿಗೆ ಹಾಸಿಗೆಯ ಹೊಲಿಗೆ ಬಿಚ್ಚಿಕೊಂಡು ಹತ್ತಿ ಹಾರಿತು. ಯಜಮಾನರು ಬಾಗಿಲು ತೆಗೆದಾಗ ಒಳಗೆ ಬಿಳಿಯಾಗಿ ನಿಂತಿದ್ದ ನನ್ನನ್ನು ನೋಡಿ, "ಯಾರಮ್ಮ ನೀವು?" ಎಂದರು. ತಮಾಷೆಗೆ ಕೇಳಿದರೋ ನಿಜಕ್ಕೋ ಇವತ್ತಿಗೂ ಗೊತ್ತಿಲ್ಲ.

ಗುರುವಾರ, ನನ್ನ ಮನೆ ಸುಧಾರಿಸಿತು ಎಂದುಕೊಂಡು, ಗಲ್ಲಿಯನ್ನು ಸುಧಾರಿಸಲು ಹೊರಟೆ. ಶಮೀಮಕ್ಕನ ಮನೆಯಲ್ಲಿ ಸೊಳ್ಳೆಬತ್ತಿ ಕಂಡಿತು. ಎತ್ತಿ ಕೈಯಲ್ಲಿ ಹಿಡಿದುಕೊಂಡೆ.

"ಇದನ್ನ ಹಚ್ಬೇಡ ಕಣವ್ವ. ಮಕ್ಕಳಿರೋ ಮನೆ. ಸೊಳ್ಳೆ ಪರದೆ ಕಟ್ಟು."

"ಆಯ್ತು ಬುಡಿ ಅಕ್ಕ," ಎಂದಳು ಶಮೀಮಕ್ಕ. "ಮತ್ತೆ ನಿಮ್ಮನೆ ಕಿಟಕೀಲಿ ಶನಿವಾರ ಮೋಡದಂಗೆ ಬರುತ್ತಲ್ಲ, ಅದು?"

"ಅದಾ? ಅದು ಸಾಂಬ್ರಾಣಿ."

"ನಾವು ಲೋಬಾನ ಅಂತೀವಿ. ಶುಕ್ರವಾರ ಹಾಕ್ತೀವಿ. ಅದೂ ಹೊಗೇನೇ ಅಲ್ವಾ ಹಂಗಾದ್ರೆ?"

ಇಬ್ಬರೂ ಜಗಲಿಯ ಮೇಲೆ ಕೂತು ಯೋಚಿಸಿದೆವು. ಹೊಗೆ ಎಂದರೆ ಬೀಡಿಯದು. ಸೌದೆ ಒಲೆಯದು. ಲಾರಿಯದು. ಸಾಂಬ್ರಾಣಿ ದೇವರಿಗೂ ಹಾಕುತ್ತಾರೆ, ಬಾಣಂತಿಗೂ ಹಾಕುತ್ತಾರೆ, ಹಸುಗೂಸಿಗೂ ತೋರಿಸುತ್ತಾರೆ.

"ಅದು ಔಷಧಿ ಕಣೇ," ಎಂದೆ ನಾನು.

"ಮತ್ತೆ? ನಮ್ಮಜ್ಜೀನೂ ಅಂಗೇ ಅಂತಿತ್ತು," ಎಂದಳು ಅವಳು.

ಹೀಗೆ ಎರಡು ಮನೆಗಳ ಜಂಟಿ ಸಭೆಯಲ್ಲಿ, ಸಾಂಬ್ರಾಣಿಯು ಹೊಗೆಯಲ್ಲ ಎಂಬ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ನಾವಿಬ್ಬರೂ ಅದನ್ನು ಒಂದೇ ಅಂಗಡಿಯಲ್ಲಿ ತರುತ್ತೇವೆ, ಭಿನ್ನಾಭಿಪ್ರಾಯಕ್ಕೆ ಎಡೆಯೇ ಇರಲಿಲ್ಲ.

ಶುಕ್ರವಾರ ಬೀರು ಸರಿಸಿದೆ. ಮಚ್ಚೆ ಎಂದುಕೊಂಡಿದ್ದು ಚಾಪೆಯಷ್ಟು ಅಗಲವಾಗಿತ್ತು. ತೇವ ಎಲ್ಲಿಂದ ಬರುತ್ತಿದೆ ಎಂದು ನೋಡುವುದು ಬುದ್ಧಿವಂತರ ಕೆಲಸ. ನಾನು ಗೇಟಿಗೆ ಬಳಿದು ಮಿಕ್ಕಿದ್ದ ಹಸಿರು ಪೇಂಟನ್ನು ಬೂಷ್ಟಿನ ಮೇಲೆಯೇ ಎರಡು ಕೈ ಬಳಿದೆ. ಪೇಂಟಿನ ವಾಸನೆಗೆ ಜಿರಲೆಗಳು ಹೊರಗೆ ಬಂದವು. ನಾಲ್ಕೈದಲ್ಲ, ಒಂದು ಮದುವೆ ದಿಬ್ಬಣ. ಯಜಮಾನರನ್ನು ಅಂಗಡಿಗೆ ಓಡಿಸಿ ಜಿರಲೆ ಸ್ಪ್ರೇ ತರಿಸಿ, ಡಬ್ಬ ಖಾಲಿಯಾಗುವವರೆಗೆ ಹೊಡೆದೆ. ಶನಿವಾರ ಬೆಳಿಗ್ಗೆ ಸ್ಪ್ರೇ ವಾಸನೆ ಹೋಗಲೆಂದು ನೆಲಕ್ಕೆ ಪಿನಾಯಿಲು ಸುರಿದು ತೊಳೆದೆ. ಜಿರಲೆ ತಿರುಗಿ ಬಾರದಿರಲೆಂದು ಮೂಲೆಮೂಲೆಗೆ ನುಸಿಗುಳಿಗೆ ಇಟ್ಟೆ.

ಯಜಮಾನರು ಮೂಗಿಗೆ ಟವೆಲ್ ಕಟ್ಟಿಕೊಂಡು ಹೊಸಲಿನಲ್ಲಿ ನಿಂತರು. "ಇದ್ಯಾಕೋ ಪೇಂಟ್ ಅಂಗಡಿ ಆಸ್ಪತ್ರೆನ ಮದ್ವೆ ಆದಂಗದೆ."

ಅವರ ಮಾತಿನಲ್ಲಿ ಸ್ವಲ್ಪ ಸತ್ಯ ಇತ್ತು. ಗಂಟೆ ಮೂರಾಗಿತ್ತು. ನಾಲ್ಕಕ್ಕೆ ಸಭೆ. ಇಷ್ಟೆಲ್ಲಾ ವಾಸನೆಯನ್ನು ಒಂದೇ ಏಟಿಗೆ ಹೊಡೆದೋಡಿಸುವ ವಸ್ತು ನನ್ನ ಮನೆಯಲ್ಲಿ ಒಂದೇ ಇತ್ತು. ಆರು ತೆಂಗಿನ ಚಿಪ್ಪು ಸುಟ್ಟು, ಕೆಂಡ ಮಾಡಿ, ಡಬ್ಬದಲ್ಲಿದ್ದ ಸಾಂಬ್ರಾಣಿಯನ್ನೆಲ್ಲಾ ಮೇಲೆ ಸುರಿದೆ. ಹೊರಗಿನ ದೂಳು ಬರಬಾರದೆಂದು ಕಿಟಕಿಗಳನ್ನೂ ಹಾಕಿದೆ.

ನಾಲ್ಕಕ್ಕೆ ಹದಿಮೂರು ಜನ ಹೆಂಗಸರು ಬಂದರು. ಮೊದಮೊದಲು ಮರ್ಯಾದೆಯಿಂದ ಕೆಮ್ಮಿದರು, ಸೆರಗಿನೊಳಗೆ, ನಾನು ನೋಡುತ್ತಿರುವಾಗ ಗಂಟಲು ಸರಿಮಾಡಿಕೊಳ್ಳುವವರಂತೆ. ಆಮೇಲೆ ಮರ್ಯಾದೆ ಬಿಟ್ಟು ಕೆಮ್ಮಿದರು. ಶಮೀಮಕ್ಕನ ಕಣ್ಣಲ್ಲಿ ನೀರು ಧಾರಾಕಾರ.

"ಅಕ್ಕ, ನೀವೆಲ್ಲಿದ್ದೀರಿ?" ಎಂದಳು. ನಾನು ಅವಳ ಎದುರೇ ಕೂತಿದ್ದೆ.

ನಾಗರತ್ನ ಬಾಗಿಲಿಗೆ ಬಂದವಳು ಒಳಗೆ ಕಾಲಿಡದೆ ನಿಂತುಬಿಟ್ಟಳು. ಅಷ್ಟರಲ್ಲಿ ಅವಳ ಪಕ್ಕದಿಂದ ನುಗ್ಗಿಕೊಂಡು ನಿಧಿ ಬಂದಳು. "ಅಜ್ಜೀ" ಎಂದು ಓಡಿ ಬಂದು ನನ್ನ ಸೊಂಟ ತಬ್ಬಿ ನಿಂತಳು. ನಾಲ್ಕು ವಾರದ ಮೇಲೆ ಬಂದ ಮಗು. ನಾನು ತಲೆ ಸವರುತ್ತಾ ನಾಗರತ್ನನ ಕಡೆ, ನೋಡಿದೆಯಾ, ಎನ್ನುವಂತೆ ನೋಡಿದೆ.

ಐದು ನಿಮಿಷ ಆಗಿರಲಿಲ್ಲ. ಕೆಮ್ಮು ಬಂತು. ಕೆಮ್ಮಿನ ಹಿಂದೆ ಶಿಳ್ಳೆ. ಮಗು ಮಾತಾಡಲು ಹೋದರೆ ಮಾತಿನ ನಡುವೆ ಉಸಿರು ಹುಡುಕುತ್ತಿತ್ತು. ಸುಮಾ ಅವಳನ್ನು ಎತ್ತಿಕೊಂಡು ಹೊರಗೆ ಓಡಿದಳು. ಗಲ್ಲಿಯ ಆ ಕಡೆಯ ಜಗಲಿಯ ಮೇಲೆ ನೆಟ್ಟಗೆ ಕೂರಿಸಿ, ಚೀಲದಿಂದ ಔಷಧಿ ಎಳೆದುಕೊಳ್ಳುವ ಬಾಟಲಿಯಂಥ ಒಂದು ಕೊಳವೆ ತೆಗೆದು ಮಗುವಿನ ಬಾಯಿಗೆ ಹಿಡಿದಳು.

ಇಂಥ ಹೊತ್ತಿನಲ್ಲಿ ಅಜ್ಜಿಯಾದವಳು ಸುಮ್ಮನೆ ನಿಲ್ಲುತ್ತಾಳೆಯೇ? ಒಳಗೆ ಓಡಿದೆ. ಕೆಂಡದ ಬಟ್ಟಲನ್ನು ಬಟ್ಟೆಯಲ್ಲಿ ಹಿಡಿದುಕೊಂಡು, ಬುಸುಬುಸು ಎನ್ನುವ ಸಾಂಬ್ರಾಣಿಯ ಸಮೇತ ಮಗುವಿನ ಹತ್ತಿರಕ್ಕೆ ಓಡಿ ಬಂದೆ.

"ಅಜ್ಜಿ, ಅಲ್ಲೇ ನಿಂತ್ಕೊಳ್ಳಿ," ಎಂದಳು ನಾಗರತ್ನ. ಕೂಗಲಿಲ್ಲ. ಆದರೆ ಆ ದನಿಗೆ ಗಲ್ಲಿಯಲ್ಲಿ ಹೋಗುತ್ತಿದ್ದ ಆಟೋ ಕೂಡ ನಿಂತಿತು. "ಏನದು ಕೈಯಲ್ಲಿ?"

"ಔಷಧಿ. ಶೀತ ಎಳೀತದೆ."

"ಅದು ಹೊಗೆ."

"ಹೊಗೆ ಅಲ್ಲ ಕಣವ್ವ, ಸಾಂಬ್ರಾಣಿ."

"ಸರಿ. ಮೇಲಕ್ಕೆ ಹೋಗ್ತಿದೆಯಲ್ಲ, ಅದೇನು? ನೋಡಿ ಹೇಳಿ."

ನೋಡಿದೆ. ಜನ್ಮದಲ್ಲಿ ಮೊದಲ ಸಲ ಅದನ್ನು ಸರಿಯಾಗಿ ನೋಡಿದೆ. ಬೂದು ಬಣ್ಣ, ಸುರುಳಿ ಸುರುಳಿ. ಗಲ್ಲಿ ಕೊನೆಯಲ್ಲಿ ನಮ್ಮ ಯಜಮಾನರು ಬಿಡುತ್ತಿದ್ದುದಕ್ಕಿಂತ ಹತ್ತು ಪಾಲು ದಪ್ಪ. ಅದು ಹೊಗೆಯೇ ಆಗಿತ್ತು.

ನಾಗರತ್ನ ಬಟ್ಟಲನ್ನು ಇಸಿದುಕೊಂಡು ದೂರ ಒಯ್ದು ನೀರು ಸುರಿದಳು. ಕೊಳವೆಯ ಔಷಧಿ ಕೆಲಸ ಮಾಡುತ್ತಾ ಬಂತು. ಮಗುವಿನ ಭುಜ ಇಳಿಯಿತು, ಮುಖಕ್ಕೆ ಬಣ್ಣ ಬಂತು. ಸ್ವಲ್ಪ ಹೊತ್ತಾದ ಮೇಲೆ ನಿಧಿ ತಾನಾಗಿಯೇ ಬಾಯಿಬಿಟ್ಟಳು. "ಆಂಟಿ, ಅಜ್ಜಿ ಶನಿವಾರ ನನ್ ತಲೆಗೂ ಅದನ್ನೇ ಹಾಕೋದು. ಬುಟ್ಟಿ ಮೇಲೆ ಮಲಗಿಸಿ."

"ಎಷ್ಟೊತ್ತು?" ಎಂದಳು ನಾಗರತ್ನ.

"ಕೂದಲು ಒಣಗೋ ತನಕ. ನಂಗೆ ಕೂದಲು ಜಾಸ್ತಿ," ಎಂದಳು ನನ್ನ ವಿರುದ್ಧದ ಮುಖ್ಯ ಸಾಕ್ಷಿ, ಬಹಳ ಹೆಮ್ಮೆಯಿಂದ.

ಹನ್ನೆರಡು ಹೆಂಗಸರು ನನ್ನನ್ನೇ ನೋಡಿದರು. ಶಮೀಮಕ್ಕ ಮಾತ್ರ ಆಕಾಶ ನೋಡುತ್ತಿದ್ದಳು, ಜಂಟಿ ನಿರ್ಣಯದಲ್ಲಿ ತನ್ನ ಸಹಿ ಇರಲೇ ಇಲ್ಲ ಎನ್ನುವ ಹಾಗೆ. ಸುಮಾ ಬೈಯುತ್ತಾಳೆ ಎಂದುಕೊಂಡೆ. ಅವಳು ತಲೆ ಮೇಲೆ ಕೈ ಇಟ್ಟುಕೊಂಡಳು.

"ನಂಗೂ ಹೊಳೀಲಿಲ್ವಲ್ಲವ್ವ. ಡಾಕ್ಟ್ರು ಮನೇಲಿ ಹೊಗೆ ಇದ್ಯಾ ಅಂತ ಎರಡು ಸಲ ಕೇಳಿದ್ರು. ಅಪ್ಪ ಬೀಡಿ ಸೇದ್ತಾರೆ, ಅದೂ ಆಚೆ ಅಂದೆ. ಇದು ತಲೇಗೇ ಬರ್ಲಿಲ್ಲ. ನಾನೂ ಅದ್ರ ಮೇಲೇ ಮಲಗಿ ಬೆಳೆದೋಳು."

ಸಭೆ ರದ್ದಾಗುತ್ತದೆ ಎಂದುಕೊಂಡೆ. ನಾಗರತ್ನ ಅಂಥವಳಲ್ಲ. ಎಲ್ಲರನ್ನೂ ಗಲ್ಲಿಯಲ್ಲೇ ನಿಲ್ಲಿಸಿ, ಬಾಗಿಲು ಕಿಟಕಿ ತೆಗೆಸಿ, ನನ್ನ ಮನೆಯನ್ನು ತೋರಿಸುತ್ತಾ ಪಾಠ ಶುರು ಮಾಡಿದಳು. ಹಾಸಿಗೆ ಬಡಿಯಬಾರದ ಜಾಗ, ಇದು. ಬೂಷ್ಟನ್ನು ತಿಕ್ಕಿ ತೆಗೆಯದೆ, ನೀರು ಸೋರುವುದನ್ನು ನಿಲ್ಲಿಸದೆ ಬಣ್ಣ ಬಳಿದರೆ ಹೀಗೆ ಕಾಣುತ್ತದೆ. ಜಿರಲೆಗೆ ವಿಷ ಹೊಡೆಯುವ ಮುಂಚೆ ಅನ್ನದ ಪಾತ್ರೆ ಮುಚ್ಚಿ, ಸಿಂಕಿನ ತೂತು ಮುಚ್ಚಿ. ವಾಸನೆಯನ್ನು ಇನ್ನೊಂದು ವಾಸನೆಯಿಂದ ಓಡಿಸಲು ಆಗುವುದಿಲ್ಲ, ಕಿಟಕಿ ತೆಗೆದರೆ ಅದೇ ಹೋಗುತ್ತದೆ. ಹೆಂಗಸರು ಸಾಲಾಗಿ ಬಾಗಿಲಲ್ಲಿ ಇಣುಕಿ ನೋಡಿ ಬಂದರು, ವಸ್ತುಪ್ರದರ್ಶನಕ್ಕೆ ಬಂದವರ ಹಾಗೆ.

"ಪಟಕ್ಕಿಂತ ಇದೇ ಚೆನ್ನಾಗ್ ಅರ್ಥ ಆಯ್ತು," ಎಂದಳು ಯಾರೋ ಒಬ್ಬಳು. ಯಾರೆಂದು ನನಗೆ ಗೊತ್ತು. ಆಮೇಲೆ ನೋಡಿಕೊಳ್ಳುತ್ತೇನೆ.

ಆ ಶನಿವಾರ ನಿಧಿ ಅಮ್ಮನ ಜೊತೆ ವಾಪಸು ಹೋದಳು. ಆಟೋದಿಂದ ಕೈ ಬೀಸಿದಳು. ನಾನೂ ಬೀಸಿದೆ.

ಮರುದಿನದಿಂದ ಮಾಡಬೇಕಾದ್ದನ್ನು ಮಾಡಿದೆ. ಬಚ್ಚಲ ಪೈಪು ಸೋರಿ ಗೋಡೆಗೆ ತೇವ ಏರುತ್ತಿತ್ತು, ರಿಪೇರಿ ಮಾಡಿಸಿ, ಬೂಷ್ಟು ಕೆರೆಸಿದೆ. ಮದುವೆ ಹಾಸಿಗೆಗೆ ವಿದಾಯ ಹೇಳಿದೆ. ನೆಲಕ್ಕೆ ಒದ್ದೆ ಬಟ್ಟೆ, ದಿಂಬಿನ ಚೀಲಕ್ಕೆ ವಾರಕ್ಕೊಂದು ಸಲ ಬಿಸಿನೀರು. ದೇವರ ಮುಂದೆ ದೀಪ ಹಚ್ಚಿ, ಇನ್ನು ಮೇಲೆ ಹೂವಿನಲ್ಲೇ ಸುಧಾರಿಸಿಕೋ ಎಂದೆ. ಅವನೂ ನಮ್ಮ ಅಳಿಯನ ಹಾಗೆಯೇ, ಏನೂ ಹೇಳಲಿಲ್ಲ. ಸಾಂಬ್ರಾಣಿ ಬುಟ್ಟಿಯಲ್ಲಿ ಈಗ ಈರುಳ್ಳಿ ಇದೆ.

ಎರಡು ವಾರ ಕಳೆದ ಮೇಲೆ ನಾಗರತ್ನನನ್ನು ನಾನೇ ಕರೆತಂದೆ. ಅವಳು ಒಪ್ಪಿದರೆ ಮಾತ್ರ ಮಗುವನ್ನು ಕಳಿಸುತ್ತೇನೆ, ಡಾಕ್ಟರೂ ಹಾಗೇ ಹೇಳಿದ್ದಾರೆ ಎಂದಿದ್ದಳು ಸುಮಾ. ನಾಗರತ್ನ ಬೀರು ಹಿಂದೆ ನೋಡಿದಳು, ಹಾಸಿಗೆ ಕೆಳಗೆ ನೋಡಿದಳು, ಸಿಂಕಿನ ಕೆಳಗೆ ಬಗ್ಗಿ ನೋಡಿದಳು. "ತುಂಬಾ ಚೆನ್ನಾಗಿದೆ ಅಜ್ಜಿ," ಎಂದಳು. ನಾನು ಯಜಮಾನರ ಕಡೆ ತಿರುಗಿ ನೋಡಿದೆ. ಅಷ್ಟರಲ್ಲಿ ಅವಳು ನನ್ನ ಹತ್ತಿರ ಬಂದು, ಮೂಗು ಅರಳಿಸಿ, ನನ್ನ ಸೆರಗನ್ನು ಎರಡು ಬೆರಳಲ್ಲಿ ಎತ್ತಿ ಮೂಸಿ ನೋಡಿದಳು.

"ಇದು ಯಾವಾಗ ಒಗೆದಿದ್ದು?"

"ನಿನ್ನೆ."

"ಇಟ್ಟಿದ್ದು ಎಲ್ಲಿ?"

"ಟ್ರಂಕಲ್ಲಿ. ನುಸಿ ಹೊಡೀದಂಗೆ ಗುಳಿಗೆ ಹಾಕಿ ಇಟ್ಟಿರ್ತೀನಿ. ಅದ್ರ ಮೇಲೆ ಒಂಚೂರು ಸಾಂಬ್ರಾಣಿ ಪುಡೀನೂವೆ, ಘಮ್ಮನ್ನಲಿ ಅಂತ."

"ಮಗು ಬಂದ ತಕ್ಷಣ ಯಾರನ್ನ ತಬ್ಕೊಳ್ಳುತ್ತೆ? ಯಾರ ಪಕ್ಕದಲ್ಲಿ ಮಲಗುತ್ತೆ?"

ನಾನು ಸೆರಗನ್ನು ಮೂಸಿ ನೋಡಿಕೊಂಡೆ. ಉತ್ತರ ಯಜಮಾನರು ಹೇಳಿದರು. ಮಾತು ತೂಕ ಹಾಕುವ ಆ ಮನುಷ್ಯ ಆವತ್ತು ಧಾರಾಳವಾಗಿ ಮಾತಾಡಿದರು. "ಮನೆಯೆಲ್ಲಾ ಪಾಸು, ನನ್ನ ಬೀಡೀನೂ ಗಲ್ಲಿ ಕೊನೇಲಿ. ಇವಳೊಬ್ಬಳೇ ಫೇಲು, ಬರ್ಕೊಳ್ಳವ್ವ."

ಟ್ರಂಕು ಖಾಲಿ ಮಾಡಿದೆ. ಮೂವತ್ತೊಂದು ಸೀರೆ. ಎಲ್ಲವನ್ನೂ ಎರಡೆರಡು ಸಲ ಒಗೆದು, ನಮ್ಮ ತಂತಿ ಸಾಲದೆ ಶಮೀಮಕ್ಕನ ಮಹಡಿಯ ಮೇಲೂ ಹರವಿದೆ. ನನ್ನ ತಲೆಯನ್ನೂ ಉಜ್ಜಿ ಉಜ್ಜಿ ತೊಳೆದುಕೊಂಡೆ. ಶನಿವಾರ ಮೋಡ ಮುಚ್ಚಿತ್ತು, ಒಂದು ಸೀರೆಯೂ ಒಣಗಲಿಲ್ಲ. ಐವತ್ತೇಳು ವರ್ಷ ನೈಟಿ ಹಾಕುವವರನ್ನು ಬೈದುಕೊಂಡು ಬಂದವಳು, ಸುಮಾ ಬಿಟ್ಟುಹೋಗಿದ್ದ ಗುಲಾಬಿ ಹೂವಿನ ನೈಟಿ ಹಾಕಿಕೊಂಡು, ಕೂದಲು ಬಿಚ್ಚಿಕೊಂಡು ಬಾಗಿಲಲ್ಲಿ ನಿಂತೆ. ಗಲ್ಲಿಯ ಈ ತುದಿಯಿಂದ ಆ ತುದಿಯವರೆಗೆ ನನ್ನ ಸೀರೆಗಳು ನೇತಾಡುತ್ತಿದ್ದವು. ಹೋಗುವವರು ಬರುವವರು ಬಗ್ಗಿಕೊಂಡು ಹೋಗುತ್ತಿದ್ದರು.

ನಿಧಿ ಆಟೋದಿಂದ ಇಳಿದು ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ, ನೈಟಿಯನ್ನು ಮೂಸಿ ನೋಡಿ, ಆಮೇಲೆ ತಬ್ಬಿಕೊಂಡಳು. ಭಾನುವಾರ ಬೆಳಿಗ್ಗೆ ಅವಳ ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದೆ. ಶಿಳ್ಳೆ ಇರಲಿಲ್ಲ. ಮಗು ಸುಮ್ಮನೆ ಉಸಿರಾಡುತ್ತಿತ್ತು.

ಈಗ ಯಾರಾದರೂ ಕೇಳಿದರೆ ನಮ್ಮ ಮನೆಯೇ ಗಲ್ಲಿಯಲ್ಲಿ ಚೊಕ್ಕಟ ಎಂದು ಹೇಳುವುದನ್ನು ಬಿಟ್ಟಿದ್ದೇನೆ. ಇಷ್ಟು ವರ್ಷ ಗುಡಿಸಿ, ಒರೆಸಿ, ತಿಕ್ಕಿ, ಬೆಳಗಿದ ಆ ಮನೆಯಲ್ಲಿ ಒಗೆಯದೆ ಬಿಟ್ಟಿದ್ದ ಸಾಮಾನು ನಾನೊಬ್ಬಳೇ.